ಕೂರಲು ಹತ್ತು ನಿಮಿಷ

“ಮೂಲೆಗೆ ಮೂಲೆ ಹಿಡಿಯೇ. ನಿನ್ನ ಕಡೆ ಇಳಿದುಹೋಗಿದೆ ನೋಡು,” ಅಂದಳು ಇಸ್ತ್ರಿಯಮ್ಮ.

“ನನ್ನ ಕಡೆ ಎಲ್ಲಮ್ಮ ಇಳಿಯುತ್ತೆ? ಇಲ್ಲಿರೋದೆಲ್ಲ ಉಬ್ಬಿರೋದೇ,” ಅಂದಳು ಮಗಳು.

ತಾಯಿ ಮಗಳು ಆ ತುದಿ ಈ ತುದಿ ಹಿಡಿದು ಒಗೆದ ಹೊದಿಕೆ ಮಡಿಸುತ್ತಿದ್ದರು. ಮನೆ ಎರಡನೆಯ ಮಹಡಿಯಲ್ಲಿ, ಇದ್ದದ್ದು ಎರಡು ಕೋಣೆ. ದೊಡ್ಡ ಹೊದಿಕೆ ಪೂರ್ತಿ ಬಿಡಿಸಬೇಕೆಂದರೆ ಒಬ್ಬಳು ಕಿಟಕಿಗೆ ಬೆನ್ನು ಕೊಡಬೇಕು, ಇನ್ನೊಬ್ಬಳು ಬಾಗಿಲ ಹೊಸ್ತಿಲ ಮೇಲೆ ನಿಲ್ಲಬೇಕು. ಒಂದು ಸಲ ಅರ್ಧಕ್ಕೆ ಮಡಿಸಿ, ಜಾಡಿಸಿ, ಮತ್ತೆ ಅರ್ಧಕ್ಕೆ ಮಡಿಸಿ, ಆಮೇಲೆ ಇಬ್ಬರೂ ಎದುರುಬದುರು ನಡೆದುಬಂದು ತುದಿಗಳನ್ನು ಕೂಡಿಸಬೇಕು. ಮಗಳಿಗೆ ಏಳು ತಿಂಗಳು. ಹೀಗೆ ನಡೆದುಬಂದಾಗಲೆಲ್ಲ ಕೈ ಕೂಡುವ ಮೊದಲೇ ಹೊಟ್ಟೆ ಕೂಡುತ್ತಿತ್ತು. ಆಗ ಇಬ್ಬರೂ ನಗುತ್ತಿದ್ದರು.

ಒಬ್ಬಳೇ ಮಡಿಸಿದರೆ ಅದು ಮಡಿಕೆಯಲ್ಲ, ಮುದ್ದೆ, ಎಂಬುದು ಇಸ್ತ್ರಿಯಮ್ಮನ ಮಾತು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಇಸ್ತ್ರಿ ಹಿಡಿದವಳು ಅವಳು. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಹೆಸರು ಬಿಟ್ಟಿರಲಿಲ್ಲ. ಮಗಳಿಗೂ ಒಂದು ಅಡ್ಡಹೆಸರಿತ್ತು, ಪೀಪಿ. ಎರಡು ವರ್ಷದ ಕೂಸಾಗಿದ್ದಾಗಲೇ ಎದೆಯಲ್ಲಿ ಸೀಟಿ ಊದುವ ಹಾಗೆ ಸದ್ದು ಬರುತ್ತಿದ್ದುದರಿಂದ ಬಂದ ಹೆಸರು. ದೊಡ್ಡವಳಾಗಿ ಅವಳು ಬಸ್ಸಿನ ಕಂಡಕ್ಟರ್ ಆದಳು. ಎದೆಯಲ್ಲಿದ್ದ ಪೀಪಿ ಬಾಯಿಗೆ ಬಂತು ಎಂದು ಓಣಿಯವರು ತಮಾಷೆ ಮಾಡುತ್ತಿದ್ದರು. ಆದರೆ ಎದೆಯ ಪೀಪಿ ಪೂರ್ತಿ ಹೋಗಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಉಸಿರಿನ ನೀಲಿ ಪಂಪು ಯಾವಾಗಲೂ ಕೈಗೆ ಸಿಗುವ ಹಾಗೆ ಇರುತ್ತಿತ್ತು.

ಮೂರನೆಯ ಹೊದಿಕೆ ಎತ್ತಿಕೊಳ್ಳುವಾಗ ಬಾಗಿಲಲ್ಲಿ ನರ್ಸು ಕಾಣಿಸಿಕೊಂಡಳು. ಬಸುರಿಯರ ಮನೆಮನೆಗೆ ಬರುವವಳು, ಕಡಲ ಕಡೆಯ ಹೆಂಗಸು. ಕಂಕುಳಲ್ಲಿ ಫೈಲು, ಹಣೆಯಲ್ಲಿ ಬೆವರು.

“ಬನ್ನಿ ಸಿಸ್ಟರ್. ಒಂದು ತುದಿ ಹಿಡೀತೀರಾ?” ಅಂದಳು ಮಗಳು.

“ನಾನು ಹಿಡಿದ್ರೆ ನಿಮ್ಮಮ್ಮ ಮತ್ತೆ ಬಿಚ್ಚಿ ಮಡಿಸ್ತಾರೆ. ಹೋದ ಸಲ ನೋಡಿದ್ದೀನಲ್ಲ,” ಎಂದು ನರ್ಸು ಕುರ್ಚಿಯಲ್ಲಿ ಕೂತು ನೀರು ಕುಡಿದಳು. ಬಿ.ಪಿ. ನೋಡಿದಳು, ಊದಿದ ಕಾಲು ಒತ್ತಿ ನೋಡಿದಳು. ಆಮೇಲೆ ಫೈಲಿನಿಂದ ಹೊಸ ಕಾಗದವೊಂದನ್ನು ತೆಗೆದಳು.

“ಇದು ಬೇರೆ. ಆಸ್ಪತ್ರೆಯವರು ಕೇಳ್ತಿರೋದು. ಉಬ್ಬಸ ಇರೋರ ಮನೆಗಳಿಗೆಲ್ಲ ಹೋಗ್ತಿದ್ದೀವಿ. ಬೆಟ್ಟದವರು, ಬಯಲಿನವರು, ನಮ್ಮ ಕಡಲಿನವರು, ಎಲ್ಲರಿಗೂ ಒಂದೇ ಪ್ರಶ್ನೆ. ಮೊದಲು ಹಾಗಿರಲಿಲ್ಲ. ಜನ ನೋಡಿ ಪ್ರಶ್ನೆ ಕೇಳೋರು.”

ಪ್ರಶ್ನೆ ಶುರುವಾದವು. ಎಷ್ಟನೇ ವಯಸ್ಸಿಗೆ ಬಂತು, ವರ್ಷಕ್ಕೆಷ್ಟು ಸಲ, ಮನೆಯಲ್ಲಿ ಒಲೆ ಎಂಥದ್ದು, ಗೋಡೆಗೆ ಪಸೆ ಉಂಟೋ. ಮಗಳು ಟಿಕೆಟ್ ಹರಿದು ಕೊಡುವ ಹಾಗೆ ಪಟಪಟ ಉತ್ತರ ಕೊಟ್ಟಳು. ಇಸ್ತ್ರಿಯಮ್ಮ ದಿಂಬಿನ ಚೀಲಗಳನ್ನು ತೊಡೆಯ ಮೇಲಿಟ್ಟು ಅಂಗೈಯಲ್ಲಿ ಸವರುತ್ತ ಕೂತಿದ್ದಳು.

“ನೀವು ಹೊಟ್ಟೇಲಿದ್ದಾಗ ನಿಮ್ಮ ತಾಯಿ ಬೀಡಿನೋ ಸಿಗರೇಟೋ ಸೇದ್ತಿದ್ರಾ?”

ಮಗಳು ಜೋರಾಗಿ ನಕ್ಕಳು. “ನಮ್ಮಮ್ಮನಾ? ನಾವು ಬಯಲಿನವರು ಸಿಸ್ಟರ್. ನಮ್ಮ ಹೆಂಗಸರು ಕದ್ದು ಕಾಫಿ ಕುಡಿದ್ರೂ ಮನೇಲಿ ಪಂಚಾಯ್ತಿ ಆಗೋದು. ಬೇಕಾದ್ರೆ ಹೀಗೆ ಬರ್ಕೊಳ್ಳಿ. ಕೆಳಗಿನ ಮನೇಲಿ ಬೆಟ್ಟದ ಹೆಂಗಸೊಬ್ಬಳಿದ್ಲು, ಬೆಟ್ಟದಕ್ಕ ಅಂತ. ಅವಳು ಸೇದೋಳು. ಅವಳ ಹೊಗೇನೇ ನನ್ನ ಎದೆಗೆ ಇಳಿದಿದ್ದು. ಇಡೀ ಕಟ್ಟಡಕ್ಕೇ ಗೊತ್ತಿರೋ ವಿಷಯ.”

ನರ್ಸಿನ ಪೆನ್ನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿ, ಕೆಳಗಿನ ಸಾಲಿಗೆ ಇಳಿದು, ‘ನೆರೆಮನೆ’ ಎಂದು ಬರೆಯತೊಡಗಿತು.

ಇಸ್ತ್ರಿಯಮ್ಮ ಆ ಪೆನ್ನನ್ನೇ ನೋಡಿದಳು. ಇದೇ ಸುಳ್ಳನ್ನು ಹಿಂದೊಮ್ಮೆ ಆಸ್ಪತ್ರೆಯ ಸೂಲಗಿತ್ತಿ ಬರೆಯುವಾಗಲೂ ಅವಳು ಹೀಗೆಯೇ ನೋಡುತ್ತ ಕೂತಿದ್ದಳು. ಆಗ ಅವಳಿಗೆ ಓದಲು ಬರುತ್ತಿರಲಿಲ್ಲ. ಬರೆದದ್ದೇನೆಂದು ಕಾಣದೆ ಇದ್ದುದು ಒಂದು ಥರದ ಸಮಾಧಾನವಾಗಿತ್ತು. ಐವತ್ತು ದಾಟಿದ ಮೇಲೆ ಸಂಜೆಶಾಲೆಗೆ ಹೋಗಿ ಅಕ್ಷರ ಕಲಿತಳಲ್ಲ, ಈಗ ಆ ಸಮಾಧಾನವೂ ಇಲ್ಲ. ‘ನೆರೆಮನೆ’ ಎಂಬ ನಾಲ್ಕು ಅಕ್ಷರ ತಲೆಕೆಳಗಾಗಿಯೂ ಚೆನ್ನಾಗಿ ಓದಿಸಿಕೊಂಡವು.

“ಅದನ್ನ ಹೊಡೆದುಹಾಕಿ ಸಿಸ್ಟರ್,” ಅಂದಳು. “ಸೇದಿದವಳು ನಾನು.”

ಮಗಳು ಮತ್ತೆ ನಕ್ಕಳು. ಅಮ್ಮ ನಗಲಿಲ್ಲ. ಮಗಳ ನಗು ಅರ್ಧಕ್ಕೇ ನಿಂತಿತು.

“ಮೊದಲ ತಿಂಗಳಿಂದಲ್ಲ. ಐದು ತಿಂಗಳಿಂದ, ನೀನು ಹುಟ್ಟೋವರೆಗೂ. ಹುಟ್ಟಿದ ಮೇಲೂ ಒಂದು ವರ್ಷ.”

“ಯಾಕಮ್ಮ?” ಮಗಳ ದನಿ ಸಣ್ಣಗಾಗಿತ್ತು.

“ಕೂತ್ಕೊಳ್ಳೋಕೆ,” ಅಂದಳು ಇಸ್ತ್ರಿಯಮ್ಮ.

ಒಂದು ಮಾತಿನಲ್ಲಿ ಮುಗಿಯುವ ಕಥೆಯಲ್ಲ ಅದು. ಅವಳು ದಿಂಬಿನ ಚೀಲ ಸವರುತ್ತಲೇ ಹೇಳಿದಳು.

ಲಾಂಡ್ರಿಯಲ್ಲಿ ಕೂರುವ ಹಾಗಿರಲಿಲ್ಲ. ಕಾದ ಉರುಳೆಗಳ ನಡುವೆ ಹಸಿ ಹೊದಿಕೆ ತೂರಿಸುವವರು, ಆಚೆ ಕಡೆ ಎಳೆಯುವವರು, ಮಡಿಸುವ ಮೇಜಿನವರು, ಕೈಇಸ್ತ್ರಿಯವರು, ಎಲ್ಲರೂ ಬೆಳಗಿನಿಂದ ಸಂಜೆವರೆಗೆ ನಿಂತೇ ಇರಬೇಕು. ಒಂದೇ ಒಂದು ವಿನಾಯಿತಿ ಇತ್ತು. ಬಟ್ಟೆಯ ಹತ್ತಿರ ಬೆಂಕಿ ಕೂಡದೆಂದು, ಸೇದುವವರು ಮಾತ್ರ ಬಾಯ್ಲರ್ ಕೋಣೆಯ ಹಿಂದೆ ಹೋಗಿ ಸೇದಿ ಬರಬೇಕು. ಅಲ್ಲೊಂದು ಉದ್ದನೆಯ ಬೆಂಚು. ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು ನಿಮಿಷ. ಕೈಯಲ್ಲಿ ಹೊತ್ತಿದ್ದು ಇದ್ದರೆ ಬೆಂಚು, ಇಲ್ಲದಿದ್ದರೆ ಮೇಜು. ಇದು ಮೇಸ್ತ್ರಿಯ ಕಾನೂನು.

ಬೆಟ್ಟದ ಹೆಂಗಸರು ಚಿಕ್ಕಂದಿನಿಂದ ಸೇದುವವರು. ಮಾವನ ಎದುರಿಗೂ ಸೇದುವವರು. ಅವರು ಹೋಗಿ ಕೂತು ಕಾಲು ಚಾಚಿ ಹರಟಿ ಬರುತ್ತಿದ್ದರು. ಬಯಲಿನ ಹೆಂಗಸರು ಮಾನವಂತರು, ಆದ್ದರಿಂದ ನಿಂತಿರುತ್ತಿದ್ದರು.

“ಹೊಟ್ಟೇಲಿ ನಿನಗೆ ಐದು ತಿಂಗಳು ತುಂಬೋ ಹೊತ್ತಿಗೆ ನನ್ನ ಕಾಲು ಈ ದಿಂಬಿನ ಹಾಗೆ ಆಗಿದ್ವು. ಒಂದಿನ ಇಸ್ತ್ರಿ ಹಿಡಿದುಕೊಂಡೇ ಕಣ್ಣು ಕತ್ತಲೆ ಬಂತು. ಪಕ್ಕದ ಮೇಜಲ್ಲಿದ್ದ ಬೆಟ್ಟದಕ್ಕ ನನ್ನ ರಟ್ಟೆ ಹಿಡಿದು ಬೆಂಚಿಗೆ ಕರ್ಕೊಂಡು ಹೋದ್ಲು. ಒಂದು ಸಿಗರೇಟು ಹಚ್ಚಿ ಬೆರಳಿಗೆ ಸಿಗಿಸಿದ್ಲು. ‘ಸುಮ್ನೆ ಹಿಡ್ಕೊಂಡು ಕೂತ್ಕೋ. ಎಳೀಬೇಡ. ಅದರಷ್ಟಕ್ಕೆ ಅದು ಉರಿದುಹೋಗುತ್ತೆ’ ಅಂದ್ಲು. ಎಳೀಬೇಡ ಅಂತ ಅವಳು ಹೇಳಿದ್ಲು. ಅದನ್ನ ಬರ್ಕೊಳ್ಳಿ ಸಿಸ್ಟರ್.”

“ಇದರಲ್ಲಿ ಅದಕ್ಕೆ ಜಾಗ ಇಲ್ಲ ಅಮ್ಮ,” ಅಂದಳು ನರ್ಸು. ಆದರೂ ಅಂಚಿನಲ್ಲಿ ಏನೋ ಗೀಚಿದಳು.

“ಒಂದು ವಾರ ಹಾಗೇ ನಡೀತು. ಆಮೇಲೆ ಮೇಸ್ತ್ರಿ ನೋಡ್ಬಿಟ್ಟ. ‘ಏನಿದು, ಊದುಬತ್ತಿ ಹಚ್ಕೊಂಡು ಕೂತಿದ್ದೀಯಾ? ಸೇದೋದಾದ್ರೆ ಸೇದು, ಇಲ್ಲಾಂದ್ರೆ ಏಳು’ ಅಂದ. ಎದ್ದರೆ ಬಿದ್ದುಹೋಗ್ತೀನಿ ಅನ್ನೋ ಹಾಗಿದ್ದೆ. ಎಳೆದೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಹದಿನೈದು ದಿನಕ್ಕೆ ಕೆಮ್ಮು ಹೋಯ್ತು. ತಿಂಗಳಿಗೆ, ರಜಾ ದಿನ ಮನೇಲಿದ್ರೂ ಕೈ ಹುಡುಕೋಕೆ ಶುರುವಾಯ್ತು. ನೆಪಕ್ಕೆ ಹಿಡಿದದ್ದು ನಂಟಾಗಿ ಕೂತ್ಬಿಡ್ತು.”

ಕೆಳಗೆ ಓಣಿಯಲ್ಲಿ ಯಾರೋ ಕೈಗಾಡಿ ತಳ್ಳಿಕೊಂಡು ಹೋದರು.

“ಯಾರೂ ಬೇಡ ಅನ್ನಲಿಲ್ವಾ?” ಎಂದು ನರ್ಸು ಕೇಳಿದಳು.

“ಕೇಳಿದ್ರೆ ತಾನೆ ಬೇಡ ಅನ್ನೋದು? ಬೆಟ್ಟದವರು ಸೇದ್ತಾರೆ ಅಂತ ಗೊತ್ತಿತ್ತಲ್ಲ, ಅವರ ಬಸುರಿಯರಿಗೆ ಸೂಲಗಿತ್ತಿ ಕೂರಿಸಿ ಬುದ್ಧಿ ಹೇಳೋಳು. ನಮ್ಮನ್ನ ಕೇಳೋಕೆ ಅವಳಿಗೆ ನಾಚಿಕೆ. ‘ನಿಮ್ಮವರಲ್ಲಿ ಅದೆಲ್ಲ ಎಲ್ಲಿ ಬಿಡಿ’ ಅಂತ ತಾನೇ ‘ಇಲ್ಲ’ ಬರ್ಕೊಂಡು ಎದ್ದುಹೋದ್ಲು. ಮಾನ ಕೊಟ್ಟಳು ಅಂತ ನಾನೂ ಸುಮ್ಮನಾದೆ.”

ಮರುವರ್ಷ ಬೆಟ್ಟದಕ್ಕ ತಾನು ಬಸುರಿಯಾದಳು. ಸೂಲಗಿತ್ತಿಯ ಮಾತು ಕೇಳಿ ಬಂದವಳೇ, ಸೊಂಟದಲ್ಲಿದ್ದ ಪ್ಯಾಕೆಟ್ಟನ್ನು ಬಾಯ್ಲರ್‌ನ ಬೆಂಕಿಗೆ ಹಾಕಿದಳು. “ನೀನೂ ಬಿಡೇ, ಕೂಸಿಗೆ ಹಾಲು ಕೊಡ್ತಿದ್ದೀಯ,” ಎಂದು ಇಸ್ತ್ರಿಯಮ್ಮನ ಪ್ಯಾಕೆಟ್ಟನ್ನೂ ಕಿತ್ತು ಹಾಕಿದಳು. ಆಸೆಯಾದಾಗ ಬಾಯಿಗೆ ಲವಂಗ. ಇಬ್ಬರೂ ತಿಂಗಳುಗಟ್ಟಲೆ ಲವಂಗ ಅಗಿದು, ಮಾತೆತ್ತಿದರೆ ಸಿಡುಕುತ್ತ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ಬಿಟ್ಟರು.

ಬಿಟ್ಟ ಮೇಲೆ ಬೆಂಚು? ಬೆಟ್ಟದಕ್ಕ ಮಾಮೂಲಿನಂತೆ ಹೋಗಿ ಬರಿಗೈಯಲ್ಲಿ ಬೆಂಚಿನ ಮೇಲೆ ಕೂತಳು. ಮೇಸ್ತ್ರಿ ಬಂದು, “ಹೊತ್ತಿರೋದು ಎಲ್ಲಿ?” ಅಂದ. “ಒಳಗಿದೆ ಮೇಸ್ತ್ರಿ. ಒಂಬತ್ತು ತಿಂಗಳು ಉರಿಯೋ ಅಂಥದ್ದು. ಆರಿದ ಮೇಲೆ ಏಳ್ತೀನಿ,” ಅಂದಳು ಹೊಟ್ಟೆ ತೋರಿಸಿ. ಬೆಟ್ಟದ ಹೆಂಗಸರೆಲ್ಲ ಗೊಳ್ಳೆಂದರು. ಮಾರನೆಯ ದಿನ ಬಯಲಿನ ಇಬ್ಬರು ಬಸುರಿಯರು ಹೋಗಿ ಅವಳ ಪಕ್ಕ ಕೂತರು. ಮೂರನೆಯ ದಿನ ಮಂಡಿನೋವಿನ ಮುದುಕಿ. ಮೇಸ್ತ್ರಿ ಎಷ್ಟು ಜನರನ್ನು ಎಬ್ಬಿಸಿಯಾನು? ಅವತ್ತಿನಿಂದ ಲಾಂಡ್ರಿ ಮುಚ್ಚುವವರೆಗೆ, ಸೇದಲಿ ಬಿಡಲಿ, ಎಲ್ಲರಿಗೂ ಹತ್ತು ಹತ್ತು ನಿಮಿಷ ಆ ಬೆಂಚು ಸಿಕ್ಕಿತು.

“ಅದು ಅವಳು ಕೊಡಿಸಿದ್ದು,” ಅಂದಳು ಇಸ್ತ್ರಿಯಮ್ಮ. “ಅವಳಿಗೆ ನಾನು ಕೊಟ್ಟಿದ್ದೇನು ಗೊತ್ತಾ?”

ಮುಂದಿನದು ಮಗಳಿಗೂ ಒಂದಿಷ್ಟು ನೆನಪಿತ್ತು.

ಮಗುವಿಗೆ ಮೂರು ವರ್ಷವಾದಾಗ ಒಂದು ಬೆಳಿಗ್ಗೆ ತುಟಿ ನೀಲಿಗಟ್ಟಿತು. ರಸ್ತೆಯಲ್ಲಿ ಗಾಡಿಗಳು ಕಿಕ್ಕಿರಿದು ಬಸ್ಸು ನಿಂತಲ್ಲೇ ನಿಂತಿತ್ತು. ಬೆಟ್ಟದಕ್ಕ ತನ್ನ ಕೂಸನ್ನು ನೆಲಕ್ಕೆ ಬಿಟ್ಟು, ಈ ಕೂಸನ್ನು ಹೆಗಲಿಗೆ ಹಾಕಿಕೊಂಡು, ಬರಿಗಾಲಲ್ಲಿ ಆಸ್ಪತ್ರೆವರೆಗೆ ಓಡಿದಳು. ಹಿಂದಿನಿಂದ ಬಂದ ಇಸ್ತ್ರಿಯಮ್ಮ ಮುಟ್ಟುವಷ್ಟರಲ್ಲಿ ಮಗುವಿನ ಮುಖಕ್ಕೆ ಆಕ್ಸಿಜನ್ ಹಿಡಿದಾಗಿತ್ತು. ಡಾಕ್ಟರು ಚೀಟಿ ನೋಡಿ, “ಬಯಲಿನವರಾ? ನಿಮ್ಮ ಜನಕ್ಕೆ ಎದೆ ಸೂಕ್ಷ್ಮ, ರಕ್ತದಲ್ಲೇ ಬಂದಿರುತ್ತೆ” ಅಂದರು. ಇಸ್ತ್ರಿಯಮ್ಮನ ಅತ್ತೆಗೆ ಆ ಮಾತು ಹಿಡಿಸಲಿಲ್ಲ. ನಮ್ಮ ರಕ್ತಕ್ಕೆ ಏನಾಗಿದೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಲೋಕದ ರೂಢಿಯಲ್ಲವೇ. ಮನೆಗೆ ಬಂದ ಮೇಲೆ ಮೆಟ್ಟಿಲ ಮೇಲೆ ನಿಂತು, ಇಡೀ ಕಟ್ಟಡ ಕೇಳುವ ಹಾಗೆ, “ಈ ಬೆಟ್ಟದವಳ ಹೊಗೇನೇ ನನ್ನ ಮೊಮ್ಮಗಳ ಎದೆ ಸುಟ್ಟಿದ್ದು” ಅಂದಳು.

ಬೆಟ್ಟದಕ್ಕ ಒಂದೇ ಒಂದು ಸಲ ಇಸ್ತ್ರಿಯಮ್ಮನ ಕಡೆ ನೋಡಿದಳು. ಇಸ್ತ್ರಿಯಮ್ಮ ನೆಲ ನೋಡಿದಳು.

“ಹೌದು ಅಮ್ಮ, ನಂದೇ. ಈಗ ಬಿಟ್ಟಿದ್ದೀನಲ್ಲ, ನೀವೂ ಬಿಡಿ,” ಅಂದಳು ಬೆಟ್ಟದಕ್ಕ.

ಸಂಜೆ ನೀರು ಹಿಡಿಯುವಲ್ಲಿ ಇಸ್ತ್ರಿಯಮ್ಮ ಅತ್ತಾಗ ಅವಳೇ ಸಮಾಧಾನ ಮಾಡಿದಳು. “ಅಳಬೇಡ ಕಣೇ. ನಿಜ ಹೇಳಿದ್ರೆ ನಿನ್ನತ್ತೆ ನಿನ್ನ ಮೇಲಿಂದ ಕೆಳಗೆ ತಳ್ತಾಳೆ. ನನ್ನ ಎಲ್ಲಿಗೆ ತಳ್ತಾಳೆ? ನಾನಿರೋದೇ ಕೆಳಗೆ.”

“ಅಮ್ಮ,” ಎಂದಳು ಮಗಳು ಈಗ. “ನಾನು ಅವಳ ಬಾಗಿಲು ದಾಟೋವಾಗ ಲಂಗದ ಅಂಚಲ್ಲಿ ಮೂಗು ಮುಚ್ಕೋತಿದ್ದೆ. ಗೊತ್ತಾ ನಿಂಗೆ?”

“ಗೊತ್ತು.”

“ಅವಳು ನಗೋಳು. ‘ಬಾರೇ ಪೀಪಿ, ನಾನೇನೂ ನಾತ ಹೊಡೆಯಲ್ಲ’ ಅನ್ನೋಳು. ಅವಳು ಊರು ಬಿಟ್ಟು ಹೋಗೋ ದಿನ ಮೇಲಿಂದ ನೋಡ್ತಾ ನಿಂತಿದ್ದೆ. ಕೆಳಗೆ ಇಳೀಲೇ ಇಲ್ಲ. ಹನ್ನೆರಡು ವರ್ಷ ನಂಗೆ. ನೀನು ಒಂದು ಮಾತು ಹೇಳಿದ್ರೆ ಇಳೀತಿದ್ದೆ.”

“ಹೇಳಲಿಲ್ಲ. ನೀನು ನನ್ನ ನೋಡಿ ಮೂಗು ಮುಚ್ಚಿಕೊಂಡ್ರೆ ಏನು ಗತಿ ಅಂತ ಭಯ.”

ಮಗಳು ಎದ್ದು ಕಿಟಕಿಗೆ ಹೋದಳು. ಪಂಪು ಬಾಯಿಗಿಟ್ಟು ಎಳೆದು, ಉಸಿರು ಹಿಡಿದು, ನಿಧಾನವಾಗಿ ಬಿಟ್ಟಳು. ಮೂವತ್ತೊಂದು ವರ್ಷದಲ್ಲಿ ಆ ಸದ್ದು ಇಸ್ತ್ರಿಯಮ್ಮನ ಕಿವಿಗೆ ಅಷ್ಟು ದೊಡ್ಡದಾಗಿ ಎಂದೂ ಕೇಳಿರಲಿಲ್ಲ.

ನರ್ಸು ಕಾಗದದ ಮೇಲಿನ ಎರಡು ಸಾಲನ್ನೂ ಹೊಡೆದು, ಹೊಸದಾಗಿ ಬರೆದು, ಪೆನ್ನಿನ ಮುಚ್ಚಳ ಹಾಕಿದಳು. “ನೋಡಿ ಅಮ್ಮ, ಇದರಿಂದಲೇ ಬಂತು ಅಂತ ಯಾರೂ ಗೆರೆ ಕೊರೆದು ಹೇಳೋಕಾಗಲ್ಲ. ಉಬ್ಬಸಕ್ಕೆ ಕಾರಣ ಒಂದೇ ಇರಲ್ಲ. ಬಸುರಲ್ಲಿ ಸೇದಿದ್ರೆ ಮಗುವಿನ ಉಸಿರಿಗೆ ತೊಂದರೆ ಆಗೋ ಸಂಭವ ಜಾಸ್ತಿ, ಅದು ನಿಜ. ಬೆಟ್ಟದವರ ಹೊಟ್ಟೇಲಿರಲಿ, ಬಯಲಿನವರ ಹೊಟ್ಟೇಲಿರಲಿ. ಹಳೇ ಕಾಗದದಲ್ಲಿ ನಿಮ್ಮ ಹೆಂಗಸರೆಲ್ಲರ ಮುಂದೂ ‘ಇಲ್ಲ’ ಅಂತಿದೆ, ಆದ್ರೆ ಮಕ್ಕಳ ಎದೇಲಿ ಸೀಟಿ. ಆಗ ಓದಿದವರು ರಕ್ತದ ಮೇಲೆ ಹಾಕಿದ್ರು. ಈ ಓಣೀಲಿ ‘ಹೌದು’ ಅಂದ ಬಯಲಿನವರು ನೀವು ಮೊದಲನೆಯವರು. ದೊಡ್ಡ ಉಪಕಾರ ಆಯ್ತು.”

ಬೈಗುಳಕ್ಕೆ ಬೆನ್ನೊಡ್ಡಿ ಕೂತಿದ್ದ ಇಸ್ತ್ರಿಯಮ್ಮನಿಗೆ ಉಪಕಾರ ಎಂಬ ಮಾತು ಎಲ್ಲಿಡಬೇಕೋ ತಿಳಿಯಲಿಲ್ಲ. ನರ್ಸು ಮೆಟ್ಟಿಲಿಳಿದು ಹೋದಳು.

ಮಗಳು ಬುಟ್ಟಿಯಲ್ಲಿ ಉಳಿದಿದ್ದ ಹೊದಿಕೆಯ ಒಂದು ತುದಿ ಎತ್ತಿಕೊಂಡು ಹೊಸ್ತಿಲಿಗೆ ಹೋಗಿ ನಿಂತಳು. ಇಸ್ತ್ರಿಯಮ್ಮ ಇನ್ನೊಂದು ತುದಿ ಹಿಡಿದಳು.

“ಡಿಪೋದಲ್ಲಿ ನಂಗೆ ಕೂರೋ ಕೆಲಸ ಕೊಡೋಕೆ ಎರಡು ತಿಂಗಳು ಸತಾಯಿಸಿದ್ರು,” ಅಂದಳು ಮಗಳು, ಮೂಲೆಗೆ ಮೂಲೆ ಸೇರಿಸುತ್ತ. “ಆ ಎರಡು ತಿಂಗಳು, ಓಡೋ ಬಸ್ಸಲ್ಲಿ, ಕಂಬಿ ಹಿಡ್ಕೊಂಡು... ಸಿಗರೇಟು ಹಿಡಿದ್ರೆ ಸೀಟು ಕೊಡ್ತೀವಿ ಅಂದಿದ್ರೆ ಹಿಡೀತಿದ್ನೋ ಏನೋ. ಸಿಟ್ಟು ಇದೆ ಅಮ್ಮ. ಇಲ್ಲ ಅಂತ ಹೇಳಲ್ಲ. ಸೇದಿದ್ದಕ್ಕಲ್ಲ, ಅವಳ ತಲೆಗೆ ಕಟ್ಟಿದ್ದಕ್ಕೆ.”

“ಇರಲಿ. ಸಿಟ್ಟು ಇಟ್ಕೋ. ನಂಗೂ ಇದೆ ನನ್ನ ಮೇಲೆ.”

“ಅವಳು ಬದುಕಿದ್ದಾಳಾ?”

ಇಸ್ತ್ರಿಯಮ್ಮ ಹೊದಿಕೆಯ ತನ್ನ ತುದಿಯನ್ನೂ ಮಗಳ ಕೈಗೆ ಕೊಟ್ಟು ಕಪಾಟಿನ ಹತ್ತಿರ ಹೋದಳು. ಹಾಸಿದ್ದ ಕಾಗದ ಎತ್ತಿ ಅಡಿಯಿಂದ ಒಂದು ಲಕೋಟೆ ತೆಗೆದಳು. ಅದರ ಮೇಲೆ ದಪ್ಪ ದಪ್ಪ ಅಕ್ಷರದಲ್ಲಿ ವಿಳಾಸ ಬರೆದಿತ್ತು. ಒಂಬತ್ತು ವರ್ಷದ ಹಿಂದೆ ಸಂಜೆಶಾಲೆಯಲ್ಲಿ ಅವಳು ತಪ್ಪಿಲ್ಲದೆ ಬರೆದ ಮೊದಲ ವಿಳಾಸ. ಅಂಚೆಯ ದರ ಏರಿದಾಗಲೆಲ್ಲ ಪಕ್ಕದಲ್ಲಿ ಒಂದೊಂದು ಚೀಟಿ ಅಂಟಿಸುತ್ತ ಹೋಗಿ, ಮೂಲೆಯಲ್ಲಿ ಐದಾರು ಸಾಲುಗಟ್ಟಿದ್ದವು. ಹೊರಗೆಲ್ಲ ಸಿದ್ಧ. ಒಳಗಿನ ಹಾಳೆಯಲ್ಲಿದ್ದುದು ಎರಡೇ ಸಾಲು: ‘ಅಕ್ಕನಿಗೆ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ.’

“ಹೋದ ವರ್ಷ ಅವಳ ಮಗ ಒಂದು ಕಾರ್ಡು ಹಾಕಿದ್ದ. ‘ಅಮ್ಮ ಪೀಪಿಯನ್ನು ಕೇಳುತ್ತಿರುತ್ತಾಳೆ’ ಅಂತ.”

“ಒಂಬತ್ತು ವರ್ಷಕ್ಕೆ ಎರಡು ಸಾಲಾ?” ಎಂದು ಮಗಳು ಹಾಳೆ ತಿರುಗಿಸಿ ನೋಡಿದಳು. ತುಟಿ ಸ್ವಲ್ಪ ಸಡಿಲವಾಯಿತು. “ನಮ್ಮ ಡಿಪೋದವರೇ ವಾಸಿ. ಕೂತ್ಕೋ, ಬರಿ. ಈಗಲೇ.”

ಇಸ್ತ್ರಿಯಮ್ಮ ಕೂತಳು. ಇಸ್ತ್ರಿಯ ಮೇಜಿನ ಮೇಲೆ ಹಾಳೆ ಇಟ್ಟು, ಮಡಿಕೆ ಬಿದ್ದಲ್ಲಿ ಅಂಗೈಯಿಂದ ಒತ್ತಿ ನೇರ ಮಾಡಿ, ಬರೆದಳು.

‘ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ನಿಲ್ಲಿಸಿದ್ದೆ, ಯಾಕೆಂದರೆ ಮುಂದಿನ ಸಾಲು ನಿಜ ಇರಬೇಕಿತ್ತು. ಅಕ್ಕ, ಇವತ್ತು ಸೇದಿದವಳು ನಾನು ಎಂದು ಕಾಗದದ ಮೇಲೆ ಬರೆಸಿದೆ. ಮಗಳಿಗೂ ಹೇಳಿದೆ. ನೀನು ಹೊತ್ತುಕೊಂಡದ್ದನ್ನು ಇಳಿಸು. ಹೊರಿಸಿದವಳನ್ನು ಹೊಟ್ಟೆಗೆ ಹಾಕಿಕೋ. ನೀನು ನನಗೆ ಕೊಟ್ಟದ್ದು ಏನೇನು ಎಂದು ಎಣಿಸಿದರೆ ಈ ಹಾಳೆ ಸಾಲದು. ರಟ್ಟೆ ಹಿಡಿದು ಕೂರಿಸಿದೆ. ಎಳೆಯಬೇಡ ಎಂದೆ. ಬಿಡು ಎಂದೆ, ಜೊತೆಗೆ ಬಿಟ್ಟೆ. ನನ್ನ ಮಗುವನ್ನು ಹೊತ್ತು ಓಡಿದೆ. ನನ್ನ ಮನೆ ಉಳಿಸಿದೆ. ಅವಳು ಇವತ್ತು ಉಸಿರಾಡುತ್ತಿದ್ದಾಳೆ, ಈಗ ಅವಳ ಹೊಟ್ಟೆಯಲ್ಲಿ ಇನ್ನೊಂದು ಜೀವ. ಅದಕ್ಕೆ ಯಾರೂ ಹೊಗೆ ತೋರಿಸಿಲ್ಲ. ಅವಳಿಗೆ ಡಿಪೋದಲ್ಲಿ ಕುರ್ಚಿ ಸಿಕ್ಕಿದೆ. ಕುರ್ಚಿ ನೋಡಿದಾಗಲೆಲ್ಲ ನನಗೆ ನಿನ್ನದೇ ನೆನಪು.’

ಮಗಳು ಪೆನ್ನು ಕಿತ್ತುಕೊಂಡು ಕೆಳಗೆ ತನ್ನದೊಂದು ಸಾಲು ಸೇರಿಸಿದಳು. ‘ಬೆಟ್ಟದತ್ತೆ, ಹೆರಿಗೆಯಾದ ಮೇಲೆ ಕೂಸನ್ನು ಕರೆದುಕೊಂಡು ಬರುತ್ತೇನೆ. ಆವತ್ತು ಇಳಿಯದ ಮೆಟ್ಟಿಲನ್ನು ಈಗ ಇಳಿಯುತ್ತೇನೆ. ಇಂತಿ, ಮೂಗು ಮುಚ್ಚಿಕೊಳ್ಳದ ಪೀಪಿ.’

ಹಾಳೆ ಮಡಿಸುವಾಗ ಇಬ್ಬರ ಕೈಯೂ ಮುಂದೆ ಬಂತು. ಅಷ್ಟು ಸಣ್ಣ ಕಾಗದವನ್ನು ಇಬ್ಬರು ಮಡಿಸಿದರೆ ವಕ್ರವಾಗದೆ ಇರುತ್ತದೆಯೇ? ವಕ್ರವಾಯಿತು. ಇಸ್ತ್ರಿಯಮ್ಮ ಅದನ್ನು ಬಿಚ್ಚಿ ಮತ್ತೆ ಮಡಿಸಲಿಲ್ಲ.

ಅಂಚೆ ಕಚೇರಿ ಎರಡು ಓಣಿ ಆಚೆ. ಮಗಳು ನಿಧಾನವಾಗಿ, ತಾಯಿ ಅವಳಿಗಿಂತ ನಿಧಾನವಾಗಿ ನಡೆದರು. ಕಿಂಡಿಯ ಆಚೆ ಕೂತಿದ್ದ ಗುಮಾಸ್ತ ಲಕೋಟೆಯನ್ನು ತಕ್ಕಡಿಗಿಟ್ಟು, ಕನ್ನಡಕ ಏರಿಸಿ, ಮೂಲೆಯ ಸಾಲನ್ನು ನೋಡಿದ.

“ಅಜ್ಜಿ, ಇದಕ್ಕೆ ಇಷ್ಟೊಂದು ಚೀಟಿ ಬೇಕಿರಲಿಲ್ಲ.”

“ಇರಲಿ ಬಿಡಪ್ಪ. ದೂರದಿಂದ ಬಂದಿದೆ.”

“ದೂರಕ್ಕೆ ಹೋಗೋದು ಅನ್ನಿ.”

“ಅದೂ ಹೌದು.”

ಮಗಳು ಗೋಡೆಯ ಪಕ್ಕದ ಬೆಂಚಿನ ಮೇಲೆ ಆಗಲೇ ಕೂತು, ಪಕ್ಕದ ಜಾಗ ತಟ್ಟಿ ಅಮ್ಮನನ್ನು ಕರೆಯುತ್ತಿದ್ದಳು. ಇಸ್ತ್ರಿಯಮ್ಮ ಕಿಂಡಿ ಬಿಟ್ಟು ಕದಲಲಿಲ್ಲ. ಗುಮಾಸ್ತ ಮೊಹರನ್ನು ಮಸಿಗೆ ಒತ್ತಿ, ಒಂದೊಂದು ಚೀಟಿಯ ಮೇಲೂ ದಬ್, ದಬ್ ಎಂದು ಹೊಡೆದು ಮುಗಿಸಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆಯುವವರೆಗೂ ನಿಂತಿದ್ದು, ಆಮೇಲೆ ಬಂದು ಕೂತಳು.